ಬೆತ್ತದ ಕುರ್ಚಿಗೂ ಜಾತಕ ಬೇಕು!

ಓದುಗ ಸೋದರಿಯೊಬ್ಬರು ಬರೆದಿದ್ದಾರೆ. ಮಗಳು-ಅಳಿಯ ದಿಲ್ಲಿಯಲ್ಲಿದ್ದಾರೆ. ಅಳಿಯಂದಿರಿಗೆ ಹಳೇ ಸಾಮಾನಿನ ಹುಚ್ಚು. ಈಗ ‘ಚಂಡೀಗಢದ ಕುರ್ಚಿ’ ಬೇಕಂತೆ. ತೇಗದ ಮರ, ಬೆತ್ತದ ಹೆಣಿಗೆ, ಒಂದಕ್ಕೇ ಲಕ್ಷದ ಮೇಲೆ ಹೇಳುತ್ತಿದ್ದಾನಂತೆ ಅಂಗಡಿಯವನು. “ನೋಡಿದರೆ ಕಚೇರಿ ಕುರ್ಚಿ ಇದ್ದ ಹಾಗಿದೆ. ಅಸಲಿಯೋ ನಕಲಿಯೋ ಗೊತ್ತುಮಾಡಿಕೊಳ್ಳೋದು ಹ್ಯಾಗೆ?” ಎಂದು ಕೇಳಿದ್ದಾರೆ.

ಸರಿಯಾಗಿಯೇ ಹಿಡಿದಿದ್ದೀರಿ, ಅದು ಕಚೇರಿ ಕುರ್ಚಿಯೇ! ದೇಶ ಇಬ್ಭಾಗವಾಗಿ ಲಾಹೋರ್ ಆಚೆ ಉಳಿದಾಗ ಪಂಜಾಬಿಗೆ ಹೊಸ ರಾಜಧಾನಿ ಬೇಕಾಯಿತು. ಚಂಡೀಗಢ ಕಟ್ಟಲು 1951ರಲ್ಲಿ ಲ ಕಾರ್ಬೂಸಿಯೆ ಬಂದರು, ಜೊತೆಗೆ ಅವರ ಸೋದರ ಸಂಬಂಧಿ ಪಿಯೆರ್ ಜಾನರೆ. ಹಿರಿಯರು ಆಗಾಗ ಬಂದು ಹೋಗುತ್ತಿದ್ದರೆ, ಜಾನರೆ 1965ರವರೆಗೆ ಅಲ್ಲೇ ನೆಲೆ ನಿಂತರು. 1967ರಲ್ಲಿ ತೀರಿಕೊಂಡ ಮೇಲೆ ಅವರ ಚಿತಾಭಸ್ಮವನ್ನು ತಂದು ಬಿಟ್ಟದ್ದೂ ಅಲ್ಲಿನ ಸುಖನಾ ಕೆರೆಯಲ್ಲೇ. ಅಷ್ಟು ಹಚ್ಚಿಕೊಂಡಿದ್ದರು ಆ ಊರನ್ನು.

ಊರೇನೋ ಎದ್ದಿತು. ಕಚೇರಿ, ಹೈಕೋರ್ಟು, ವಿಶ್ವವಿದ್ಯಾಲಯಗಳಲ್ಲಿ ಕೂರುವುದು ಯಾವುದರ ಮೇಲೆ? ಜಾನರೆ ಮತ್ತು ಅವರ ತಂಡದವರು ಕುರ್ಚಿ-ಮೇಜುಗಳ ನಕ್ಷೆ ಬರೆದರು, ಸ್ಥಳೀಯ ಬಡಗಿಗಳು ಸಾವಿರಗಟ್ಟಲೆ ಮಾಡಿಕೊಟ್ಟರು. ಕೈವಾರ ಬಿಚ್ಚಿ ನಿಲ್ಲಿಸಿದಂಥ ಕಾಲುಗಳೇ ಅವುಗಳ ಗುರುತು. ಆ ತಂಡದಲ್ಲಿ ಯೂಲಿ ಚೌಧರಿ ಎಂಬ ಮಹಿಳೆಯಿದ್ದರು, ಮುಂದೆ ಮುಖ್ಯ ವಾಸ್ತುಶಿಲ್ಪಿಯ ಹುದ್ದೆಗೇರಿದವರು. ಪೀಠೋಪಕರಣಗಳ ಕೆಲಸದಲ್ಲಿ ಅವರ ಪಾಲೂ ಇತ್ತು. ಮಾರುವವರ ಚೀಟಿಯಲ್ಲಿ ಮಾತ್ರ ಹೆಚ್ಚಾಗಿ ಜಾನರೆಯವರ ಹೆಸರೊಂದೇ! ಹೆಂಗಸರ ಕೆಲಸಕ್ಕೆ ಇದೇನು ಹೊಸದೇ, ಬಿಡಿ.

ಮುಂದೆ ಬೆತ್ತ ಹರಿಯಿತು, ಕಾಲು ಅಲುಗಿತು, ಹೊಸ ಕುರ್ಚಿಗಳು ಬಂದವು. ಹಳೆಯವು ಮಾಳಿಗೆಯಲ್ಲಿ ರಾಶಿ ಬಿದ್ದು, ಹರಾಜಿನಲ್ಲಿ ಗುಜರಿ ಬೆಲೆಗೆ ಹೋದವು. ಕೊಂಡ ವಿದೇಶಿ ವ್ಯಾಪಾರಿಗಳು ರಿಪೇರಿ ಮಾಡಿಸಿ ಪ್ಯಾರಿಸ್, ಲಂಡನ್, ನ್ಯೂಯಾರ್ಕ್‌ಗಳಲ್ಲಿ ಲಕ್ಷಗಟ್ಟಲೆಗೆ ಮಾರಿದಾಗ ಎಲ್ಲರಿಗೂ ಎಚ್ಚರವಾಯಿತು. 2011ರಲ್ಲಿ ಕೇಂದ್ರ ಗೃಹ ಸಚಿವಾಲಯ ಇವುಗಳ ಮಾರಾಟಕ್ಕೂ ಸಾಗಣೆಗೂ ತಡೆ ಹಾಕಿತು. ಬೆಲೆ ಏರಿತೋ ಇಲ್ಲವೋ, ನಕಲಿಯೂ ಹುಟ್ಟಿಕೊಂಡಿತು.

ಇನ್ನು ಪರೀಕ್ಷೆಗೆ ಬರೋಣ. ಇಲ್ಲೇ ತೊಡಕು. ಈ ಕುರ್ಚಿಗೆ ಕಂಪನಿಯ ಮುದ್ರೆಯಿಲ್ಲ, ಮಾಡಿದವರ ರುಜುವಿಲ್ಲ. ಇರುವುದು ಕಚೇರಿಯ ಗುರುತು ಮಾತ್ರ. ಮದುವೆ ಮನೆಗೆ ಎರವಲು ಕೊಟ್ಟ ಪಾತ್ರೆ ಬೆರಕೆಯಾಗದಿರಲಿ ಅಂತ ನಾವು ಹೆಸರು ಕೊರೆಸುವುದಿಲ್ಲವೇ? ಹಾಗೇ, ಯಾವ ಕಚೇರಿ, ಎಷ್ಟನೇ ಕುರ್ಚಿ ಎಂದು ಬಣ್ಣದಲ್ಲಿ ಬರೆದಿರುತ್ತಾರೆ. ಪಂಜಾಬ್ ವಿಶ್ವವಿದ್ಯಾಲಯದ್ದಾದರೆ ‘ಪಿ.ಯು.’ ಎಂದು ಇಂಗ್ಲಿಷ್ ಅಕ್ಷರಗಳು, ಮುಂದೊಂದು ಸಂಖ್ಯೆ. ಆದರೆ ತಗಡಿನ ಅಚ್ಚು, ಒಂದು ಡಬ್ಬಿ ಬಣ್ಣ ಇದ್ದರೆ ಯಾರು ಬೇಕಾದರೂ ಬರೆಯಬಹುದಲ್ಲ! ಅಕ್ಷರ ಮರದ ಜೊತೆಯಲ್ಲೇ ಸವೆದಿದೆಯೇ ನೋಡಬೇಕು. ಉಪ್ಪುಕಾಗದ ಉಜ್ಜಿ ನುಣುಪಾದ ಮರದ ಮೇಲೆ ಹೊಳೆಯುವ ಅಕ್ಷರ ಕಂಡರೆ ಅನುಮಾನ ಪಡಿ.

ಕುರ್ಚಿಯನ್ನು ತಲೆಕೆಳಗು ಮಾಡಿ. ಜರತಾರಿ ಸೀರೆಯ ಒಳಮೈ ತಿರುಗಿಸಿ ನೋಡದೆ ನಾವು ಕೊಳ್ಳುತ್ತೇವೆಯೇ? ಪಾಲಿಶ್ ಮಾಡುವವನ ಕೈ ಅಡಿಗೆ ಅಷ್ಟಾಗಿ ಹೋಗುವುದಿಲ್ಲ. ದಶಕಗಳ ಕೊಳೆ, ನೆಲ ಒರೆಸಿದ ನೀರಿಗೆ ಕಪ್ಪಾದ ಕಾಲಿನ ತುದಿ, ಹಳೇ ರಿಪೇರಿಯ ಗುರುತು ಅಲ್ಲಿರಬೇಕು. ಕೈ ತಾಗುವ ತೋಳಿನ ಮೇಲೆ ಸವೆತ, ತಾಗದ ಮೂಲೆಯಲ್ಲಿ ಇಲ್ಲ, ಇದು ವಯಸ್ಸಿನ ಲಕ್ಷಣ. ಎಲ್ಲ ಕಡೆ ಒಂದೇ ಸಮ ಹಳತಾಗಿದ್ದರೆ ಅದು ಬೇಕೆಂದೇ ಮಾಡಿದ ಮುಪ್ಪು. ಆರು ಕುರ್ಚಿಗಳು ಅಚ್ಚಿನಲ್ಲಿ ಎರಕ ಹೊಯ್ದಂತೆ ಒಂದೇ ಥರ ಇದ್ದರೂ ಸಂಶಯವೇ, ಏಕೆಂದರೆ ಅಸಲಿಯವು ಬೇರೆ ಬೇರೆ ಕೈಗಳಲ್ಲಿ ಆದವು. ಬೆತ್ತ ಹೊಸದಾಗಿದ್ದರೆ ಹೆದರಬೇಡಿ, ಅದು ಹರಿದುಹೋಗುವ ವಸ್ತು, ಮತ್ತೆ ಹೆಣೆಸಿರುತ್ತಾರೆ. ಎರಡು ಮುರುಕು ಸೇರಿಸಿ ಒಂದು ಮಾಡಿ, ಹಳೇ ಕಾಲಿಗೆ ಹೊಸ ಬೆನ್ನು ಕೂರಿಸಿದ್ದು ಕೂಡ ಉಂಟು. ಸಂದು-ಸಂದಿನಲ್ಲೂ ಮರದ ಬಣ್ಣ, ಎಳೆ ಹೋಲಿಸಿ ನೋಡಿ.

ಇಷ್ಟೆಲ್ಲ ಸರಿಹೋದರೂ ಅರ್ಧ ಮಾತ್ರ ಆಯಿತು. ಜಾತಕ ಬೇಕು. ಯಾವ ಕಚೇರಿಯದು, ಯಾವ ವರ್ಷದ ಹರಾಜು, ಆಮೇಲೆ ಯಾರ ಕೈ ಸೇರಿತು, ಕಾಗದ ಎಲ್ಲಿ? ಕಾಗದವಿಲ್ಲದ ಕುರ್ಚಿ ನಕಲಿಯಾದರೆ ದುಡ್ಡು ಹೋಯಿತು. ಅಸಲಿಯೇ ಆದರೆ? ಸರ್ಕಾರಿ ಕಟ್ಟಡದಿಂದ ಕದ್ದ ಮಾಲಿರಬಹುದು. ಅಕ್ಷರ ಎಷ್ಟು ಅಸಲಿಯೋ ಅಷ್ಟೂ ಫಜೀತಿ! ಆದ್ದರಿಂದ ಅಳಿಯಂದಿರಿಗೆ ಹೇಳಿ: ಅಂಗಡಿಯವನು ‘ಮೂಲ ಕುರ್ಚಿ, ಇಂಥ ಹರಾಜಿನದು’ ಎಂದು ರಸೀತಿಯಲ್ಲಿ ಬರೆದು ಸಹಿ ಹಾಕಲಿ, ಹರಾಜಿನ ಕಾಗದದ ಪ್ರತಿಯನ್ನೂ ಕೊಡಲಿ. ತಡವರಿಸಿದನೋ, ಎದ್ದು ಬನ್ನಿ.

ಕೂತು ಪೇಪರ್ ಓದಲಿಕ್ಕೆ ಮಾತ್ರ ಬೇಕಾದರೆ, ನಕಲು ಎಂದು ಹೇಳಿಯೇ ಮಾರುವ ಒಳ್ಳೆ ಕುರ್ಚಿಗಳಿವೆ, ಬಡಗಿಯಿಂದ ಮಾಡಿಸಲೂಬಹುದು. ನನ್ನನ್ನು ಕೇಳಿದರೆ ಅದೇ ವಾಸಿ. ಅಸಲಿಯನ್ನೇ ಕಣ್ಣಾರೆ ನೋಡಬೇಕೆಂದರೆ ಚಂಡೀಗಢದ 5ನೇ ಸೆಕ್ಟರಿನಲ್ಲಿ ಜಾನರೆ ವಾಸವಿದ್ದ ಮನೆ 2017ರಿಂದ ವಸ್ತುಸಂಗ್ರಹಾಲಯವಾಗಿದೆ. ದುಡ್ಡು ಎಣಿಸುವ ಮುಂಚೆ ಮಗಳು-ಅಳಿಯ ಒಮ್ಮೆ ಅಲ್ಲಿಗೆ ಹೋಗಿಬರಲಿ.