ಹಸಿರು ಮದ್ಯ ಹಾಲಾಗುವುದೇಕೆ?

ಗಾಜಿನ ಲೋಟದ ತಳದಲ್ಲಿ ಒಂದಿಷ್ಟು ಹಸಿರು ದ್ರವ. ಬಾಯಿಗೆ ಅಡ್ಡಲಾಗಿ ತೂತುಗಳಿರುವ ಚಪ್ಪಟೆ ಚಮಚ, ಅದರ ಮೇಲೊಂದು ಸಕ್ಕರೆ ಅಚ್ಚು. ಅಚ್ಚಿನ ಮೇಲೆ ತಣ್ಣೀರನ್ನು ತೊಟ್ಟು ತೊಟ್ಟಾಗಿ ಬಿಟ್ಟರೆ ಸಕ್ಕರೆ ಕರಗಿ ಕೆಳಗಿಳಿಯುತ್ತದೆ. ತಿಳಿಯಾಗಿದ್ದ ಹಸಿರು ದ್ರವ ನೋಡನೋಡುತ್ತಲೇ ಹಾಲಿನಂತೆ ಕದಡುತ್ತದೆ. ಹತ್ತೊಂಬತ್ತನೆಯ ಶತಮಾನದ ಪ್ಯಾರಿಸ್ಸಿನಲ್ಲಿ ಸಂಜೆ ಐದು ಗಂಟೆಗೆ 'ಹಸಿರು ಗಂಟೆ' ಎಂದೇ ಹೆಸರಿತ್ತು. ಈ ಪಾನೀಯದ ಹೆಸರು ಆಬ್ಸಿಂತ್.

ಮಕ್ಕಳು ಓದುವ ಪುಟದಲ್ಲಿ ಮದ್ಯದ ಮಾತೇಕೆ ಎಂದು ಹೆತ್ತವರು ಹುಬ್ಬು ಗಂಟಿಕ್ಕುವುದು ಬೇಡ. ಆ ಲೋಟದಲ್ಲಿ ಒಂದು ಒಳ್ಳೆಯ ರಸಾಯನ ಪಾಠವಿದೆ. ಅದರ ಚರಿತ್ರೆಯಲ್ಲಿ ಇನ್ನೂ ಒಳ್ಳೆಯ ಪಾಠವಿದೆ.

ಆಬ್ಸಿಂತ್ ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಸ್ವಿಟ್ಜರ್ಲೆಂಡಿನ ವಾಲ್ ದ ತ್ರಾವೆರ್ ಕಣಿವೆಯಲ್ಲಿ ಹುಟ್ಟಿತು. ಮುಖ್ಯ ಮೂಲಿಕೆ 'ವರ್ಮ್‌ವುಡ್' ಎಂಬ ಕಹಿ ಗಿಡ. ನಮ್ಮ ಹೆಂಗಸರು ಹೂವಿನ ಜೊತೆ ಕಟ್ಟಿ ಮುಡಿಯುವ ದವನವೂ ಇದೇ ಆರ್ಟಿಮೀಸಿಯಾ ಕುಲಕ್ಕೆ ಸೇರಿದ್ದು. ಜೊತೆಗೆ ಸೋಂಪಿನ ಜಾತಿಯ ಬೀಜಗಳು. ಹಸಿರು ಬಣ್ಣ ಎಲೆಗಳ ಪತ್ರಹರಿತ್ತಿನದು. ಬಿಸಿಲಿಗೆ ಇಟ್ಟರೆ ಅದು ತರಗೆಲೆಯ ಬಣ್ಣಕ್ಕೆ ತಿರುಗುತ್ತದೆ.

ಸೋಂಪಿಗೆ ಪರಿಮಳ ಕೊಡುವುದು ಅನೆಥೋಲ್ ಎಂಬ ಎಣ್ಣೆ. ಇದು ಆಲ್ಕೋಹಾಲಿನಲ್ಲಿ ಚೆನ್ನಾಗಿ ಕರಗುತ್ತದೆ, ನೀರಿನಲ್ಲಿ ಕರಗುವುದಿಲ್ಲವೆಂದೇ ಹೇಳಬೇಕು. ಆಬ್ಸಿಂತ್‌ನಲ್ಲಿ ಆಲ್ಕೋಹಾಲು ನೂರಕ್ಕೆ 70ರ ಆಸುಪಾಸು ಇರುತ್ತಿತ್ತು. ಅದಕ್ಕೆ ಮೂರು ನಾಲ್ಕು ಪಾಲು ನೀರು ಬೆರೆಸಿದಾಗ ಆಲ್ಕೋಹಾಲಿನ ಹಿಡಿತ ಸಡಿಲವಾಗುತ್ತದೆ. ಎಣ್ಣೆ ಕೋಟಿಗಟ್ಟಲೆ ಹನಿಗಳಾಗಿ ಹೊರಬೀಳುತ್ತದೆ. ಒಂದೊಂದು ಹನಿಯೂ ಮಿಲಿಮೀಟರಿನ ಸಾವಿರದಲ್ಲೊಂದು ಭಾಗದಷ್ಟು. ಬೆಳಕಿನ ಎಲ್ಲ ಬಣ್ಣಗಳೂ ಅವುಗಳಿಗೆ ತಾಗಿ ಚದುರುವುದರಿಂದ ಬಿಳುಪು ಕಾಣುತ್ತದೆ. ಹಾಲು ಬೆಳ್ಳಗಿರುವುದಕ್ಕೂ ಇದೇ ಕಾರಣ. ವಿಚಿತ್ರವೆಂದರೆ, ಕಲಕದಿದ್ದರೂ, ಸಾಬೂನಿನಂಥ ಯಾವ ಪದಾರ್ಥ ಸೇರಿಸದಿದ್ದರೂ ಈ ಹನಿಗಳು ಬಹಳ ಹೊತ್ತು ಕೂಡಿಕೊಳ್ಳದೆ ಹಾಗೇ ತೇಲುತ್ತವೆ. ಗ್ರೀಸಿನ 'ಊಜೊ' ಎಂಬ ಮದ್ಯವೂ ಹೀಗೇ ಬೆಳ್ಳಗಾಗುವುದರಿಂದ ವಿಜ್ಞಾನಿಗಳು 2003ರಲ್ಲಿ ಇದನ್ನು 'ಊಜೊ ಪರಿಣಾಮ' ಎಂದು ಕರೆದರು.

ಮನೆಯಲ್ಲೇ ನೋಡಬೇಕೆ? ಮದ್ಯ ಬೇಡ, ಡೆಟಾಲ್ ಸಾಕು. ಗಾಜಿನ ಲೋಟದಲ್ಲಿ ನೀರು ತುಂಬಿ ಕೆಲವೇ ತೊಟ್ಟು ಹಾಕಿ. ಅದೂ ಬೆಳ್ಳಗಾಗುತ್ತದೆ. ಇಲ್ಲೂ ನೀರಿಗೆ ಒಗ್ಗದ ಎಣ್ಣೆಯಂಥ ಪದಾರ್ಥಗಳೇ ಹನಿಗಳಾಗುತ್ತವೆ. ಆದರೆ ಹನಿಗಳನ್ನು ಹಿಡಿದಿಡಲು ಸಾಬೂನೂ ಇದೆ. ಕತ್ತಲೆ ಕೋಣೆಯಲ್ಲಿ ಒಂದು ಕಡೆಯಿಂದ ಟಾರ್ಚು ಹಿಡಿದು ಎದುರಿನಿಂದ ನೋಡಿ, ಬೆಳಕು ಮುಳುಗುವ ಸೂರ್ಯನಂತೆ ಕೆಂಪುಹಳದಿಯಾಗಿ ಕಾಣುತ್ತದೆ. (ಪ್ರಯೋಗ ಮುಗಿದ ಕೂಡಲೇ ಲೋಟ ತೊಳೆದಿಡಿ. ತಂಗಿಯೋ ತಮ್ಮನೋ ಹಾಲೆಂದು ಕುಡಿದಾರು!)

ಇನ್ನು ಚರಿತ್ರೆ. 1905ರಲ್ಲಿ ಸ್ವಿಟ್ಜರ್ಲೆಂಡಿನ ಕೂಲಿಕಾರನೊಬ್ಬ ಕುಡಿದ ಅಮಲಿನಲ್ಲಿ ಹೆಂಡತಿ ಮಕ್ಕಳನ್ನೇ ಕೊಂದ. ಅವನು ಅಂದು ಕುಡಿದದ್ದು ಹೆಚ್ಚಾಗಿ ದ್ರಾಕ್ಷಾರಸ ಮತ್ತು ಬ್ರಾಂದಿ. ಆಬ್ಸಿಂತ್ ಎರಡೇ ಲೋಟ. ಅಪವಾದ ಬಂದದ್ದು ಮಾತ್ರ ಆಬ್ಸಿಂತ್ ಮೇಲೆ! 1908ರಲ್ಲಿ ಜನಮತ ತೆಗೆದುಕೊಂಡು 1910ರಿಂದ ಆ ದೇಶ ಅದನ್ನು ನಿಷೇಧಿಸಿತು. ಅಮೆರಿಕ 1912ರಲ್ಲಿ, ಫ್ರಾನ್ಸ್ 1915ರಲ್ಲಿ ಅದೇ ದಾರಿ ಹಿಡಿದವು.

ವೈದ್ಯರ ಬಳಿಯೂ ಪುರಾವೆ ಇತ್ತು. ಪ್ಯಾರಿಸ್ಸಿನ ಮನೋವೈದ್ಯ ವಾಲೆಂತಾಂ ಮಾನ್ಯಾಂ ಒಂದು ಗಿನಿಪಿಗ್ಗನ್ನು ವರ್ಮ್‌ವುಡ್ ಎಣ್ಣೆಯ ಆವಿಯಲ್ಲಿ, ಇನ್ನೊಂದನ್ನು ಆಲ್ಕೋಹಾಲಿನ ಆವಿಯಲ್ಲಿ ಇಟ್ಟು ನೋಡಿದ್ದ. ಎರಡನೆಯದಕ್ಕೆ ಬರೀ ಅಮಲೇರಿತು, ಮೊದಲನೆಯದಕ್ಕೆ ಅಪಸ್ಮಾರ ಬಡಿಯಿತು. ಸರಿಯೇ. ಆದರೆ ಶುದ್ಧ ಎಣ್ಣೆಯನ್ನು ಯಾರು ಕುಡಿಯುತ್ತಿದ್ದರು? ಲೋಟದಲ್ಲಿ ಅದೆಷ್ಟು ಇರುತ್ತಿತ್ತು ಎಂಬುದನ್ನು ಅಳೆದು ನೋಡಬೇಕಿತ್ತು. ಪ್ರಯೋಗದ ಬುಡವೇ ಅಲ್ಲಿ ಸಡಿಲ.

ಆ ಅಳತೆ ಬಂದದ್ದು 2008ರಲ್ಲಿ. ನಿಷೇಧಕ್ಕೆ ಮುಂಚಿನ 13 ಹಳೆಯ ಬಾಟಲಿಗಳನ್ನು ಪರೀಕ್ಷಿಸಿದಾಗ, ವರ್ಮ್‌ವುಡ್‌ನ ಥುಜೋನ್ ಎಂಬ ವಿಷ ಲೀಟರಿಗೆ ಸರಾಸರಿ 25 ಮಿಲಿಗ್ರಾಂ ಇತ್ತು. ಈಗ ಯುರೋಪಿನ ಕಾನೂನು ಇಂಥ ಮದ್ಯಗಳಲ್ಲಿ ಕಿಲೋಗೆ 35 ಮಿಲಿಗ್ರಾಂವರೆಗೆ ಒಪ್ಪುತ್ತದೆ. ಪೆನ್ಸಿಲು ಹಿಡಿದು ಲೆಕ್ಕ ಹಾಕಿ: 30 ಮಿಲಿಲೀಟರ್ ಆಬ್ಸಿಂತ್‌ನಲ್ಲಿ ಥುಜೋನ್ ಒಂದು ಮಿಲಿಗ್ರಾಮೂ ಇಲ್ಲ, ಮುಕ್ಕಾಲು ಮಾತ್ರ. ಅದೇ ಲೋಟದಲ್ಲಿ ಆಲ್ಕೋಹಾಲು 16 ಗ್ರಾಮಿಗೂ ಮಿಗಿಲು, ಅಂದರೆ ಇಪ್ಪತ್ತು ಸಾವಿರ ಪಟ್ಟಿಗಿಂತ ಹೆಚ್ಚು. ದಿನಕ್ಕೆ ಹತ್ತಾರು ಲೋಟ ಇಳಿಸುತ್ತಿದ್ದವರ ನರಗಳನ್ನು ಯಾವುದು ಕೆಡಿಸಿತೆಂದು ಊಹಿಸಲು ವೈದ್ಯರೇ ಬೇಕಿಲ್ಲ. ಇದರ ಮೇಲೆ ಅಗ್ಗದ ಸರಕಿಗೆ ಹಸಿರು ಬರಲೆಂದು ಮೈಲುತುತ್ತ ಬೆರೆಸುವವರೂ ಇದ್ದರು. ಮಲೆನಾಡಿನಲ್ಲಿ ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣಕ್ಕೆ ಹಾಕುತ್ತಾರಲ್ಲ, ಅದೇ ಮೈಲುತುತ್ತ!

ಸ್ವಿಟ್ಜರ್ಲೆಂಡ್ 2005ರ ಮಾರ್ಚಿನಲ್ಲಿ ನಿಷೇಧ ತೆಗೆಯಿತು. ಹಾಗೆ ನೋಡಿದರೆ, ವಾಲ್ ದ ತ್ರಾವೆರ್‌ನ ಮನೆಗಳಲ್ಲಿ ಭಟ್ಟಿ ಆರಿದ್ದೇ ಇಲ್ಲ. ಅಷ್ಟೂ ವರ್ಷ ಅವರು ಕದ್ದು ಇಳಿಸುತ್ತಿದ್ದದ್ದು ಹಸಿರಿಲ್ಲದ, ನೀರಿನಂತೆ ತಿಳಿಯಾದ ಆಬ್ಸಿಂತ್. ಪೊಲೀಸರ ಕಣ್ಣಿಗೆ ಅದು ಅಷ್ಟು ಸುಲಭವಾಗಿ ಬೀಳುತ್ತಿರಲಿಲ್ಲ, ನೀರು ಬೆರೆಸುವವರೆಗೆ.