ಟಾಂಕಿಯೊಳಗಣ ಕಾಣದ ನೀರು

ತಮ್ಮ ವಿಮಾನವನ್ನು ತಾವೇ ಕಟ್ಟಿಕೊಂಡು ಹಾರುವ ಹವ್ಯಾಸಿಗಳು ಅಮೆರಿಕದಲ್ಲಿ ಸಾವಿರಾರು ಮಂದಿ. ಇವರ ಸಂಘವೊಂದು 1953ರಲ್ಲಿ ವಿಸ್ಕಾನ್ಸಿನ್ ಸಂಸ್ಥಾನದಲ್ಲಿ ಹುಟ್ಟಿತು. ವಿಮಾನದ ಪೆಟ್ರೋಲು ದುಬಾರಿಯಾದುದರಿಂದ ಇವರ ಕಣ್ಣು ರಸ್ತೆಬದಿಯ ಬಂಕಿನ ಮೇಲೆ ಬೀಳುವುದು ಸಹಜವೇ. ಆದರೆ ಅಲ್ಲಿಯ ಪೆಟ್ರೋಲಿನಲ್ಲಿ ಸಾಮಾನ್ಯವಾಗಿ ನೂರಕ್ಕೆ 10 ಪಾಲು ಮದ್ಯಸಾರ ಬೆರೆತಿರುತ್ತದೆ. (ಭಾರತದಲ್ಲಿ ಇದು 20 ಪಾಲಿಗೆ ಮುಟ್ಟಿದೆ, ಕಬ್ಬಿನ ಸಾರ ಸ್ಕೂಟರಿನ ಹೊಟ್ಟೆಗೂ ಇಳಿದಿದೆ.)

ಮದ್ಯಸಾರದಿಂದ ವಿಮಾನ ಹಾರದೆಂದಲ್ಲ. 1989ರಲ್ಲಿ ಟೆಕ್ಸಾಸಿನ ಬೇಲರ್ ವಿಶ್ವವಿದ್ಯಾಲಯದ ಮ್ಯಾಕ್ಸ್ ಶಾಕ್ ಅವರು ‘ವೆಲಾಸಿಟಿ’ ಎಂಬ ಹವ್ಯಾಸಿ ವಿಮಾನದಲ್ಲಿ ಮದ್ಯಸಾರವನ್ನೇ ಉರಿಸಿ ಅಟ್ಲಾಂಟಿಕ್ ಸಾಗರವನ್ನು ದಾಟಿದರು. ಆದರೆ ಅದು ಆ ಇಂಧನಕ್ಕೆಂದೇ ಅಣಿಗೊಳಿಸಿದ ವಿಮಾನ. ಅಣಿಗೊಳಿಸದ ವಿಮಾನದ ಕತೆಯೇ ಬೇರೆ. ರೋಟಾಕ್ಸ್ 912 ಎಂಜಿನ್ನು 10 ಪಾಲು ಮದ್ಯಸಾರವನ್ನು ಒಪ್ಪುತ್ತದೆ. ಎಂಜಿನ್ನು ಒಪ್ಪಿದ ಮಾತ್ರಕ್ಕೆ ಟಾಂಕಿ ಒಪ್ಪಬೇಕೆಂದೇನೂ ಇಲ್ಲ. ಕೆಲವು ಜಾತಿಯ ರಬ್ಬರು ಮದ್ಯಸಾರದಲ್ಲಿ ಉಬ್ಬುತ್ತದೆ. ಗಾಜುನಾರಿನ ಟಾಂಕಿಗೆ ಬಳಸಿದ ಕೆಲವು ಅಂಟುಗಳು ಮೆತ್ತಗಾಗುತ್ತವೆ. ಹಳೆಯ ವಿಮಾನಗಳಲ್ಲಿ ಇಂಧನದ ಮಟ್ಟ ತೋರಿಸುವ ಬೆಂಡಿಗೆ ಅರಗಿನ ಲೇಪವಿದ್ದರೆ ಅದೂ ಕರಗುತ್ತದೆ. ಅರಗನ್ನು ಸ್ಪಿರಿಟ್ಟಿನಲ್ಲಿ ಕರಗಿಸಿ ಮೇಜಿಗೆ ಮೆರುಗು ಕೊಡುವ ಬಡಗಿಗೆ ಇದು ಹೊಸ ಮಾತಲ್ಲ.

ಇವೆಲ್ಲ ಕಣ್ಣಿಗೆ ಕಾಣುವ ಕೇಡುಗಳು. ಕಾಣದಿರುವುದು ನೀರು. ಶುದ್ಧ ಪೆಟ್ರೋಲಿನಲ್ಲಿ ನೀರು ತಳಕ್ಕಿಳಿದು ಮಣಿಯಂತೆ ನಿಲ್ಲುತ್ತದೆ. ಹಾರುವ ಮುನ್ನ ತಳದ ಬಿರಡೆಯಿಂದ ಒಂದಿಷ್ಟು ಹರಿಯಬಿಟ್ಟು ನೋಡಿದರೆ ಸಾಕು. ಮದ್ಯಸಾರವಾದರೋ ನೀರನ್ನು ತನ್ನೊಳಗೇ ಅಡಗಿಸಿಕೊಳ್ಳುತ್ತದೆ. 10 ಪಾಲಿನ ಮಿಶ್ರಣ 100 ಲೀಟರ್ ಇದ್ದರೆ, 15 ಡಿಗ್ರಿ ಶಾಖದಲ್ಲಿ, ಸುಮಾರು ಅರ್ಧ ಲೀಟರ್ ನೀರು ಹೀಗೆ ಅಡಗಬಲ್ಲದು. ಬಿರಡೆಯಲ್ಲಿ ಬರುವುದು ತಿಳಿಯಾದ ಪೆಟ್ರೋಲೇ! ವಿಮಾನ ಮೇಲೇರುತ್ತದೆ. ಪ್ರತಿ ಕಿಲೋಮೀಟರಿಗೆ ಸುಮಾರು ಆರೂವರೆ ಡಿಗ್ರಿಯಂತೆ ಗಾಳಿ ತಣ್ಣಗಾಗುತ್ತದೆ. ತಣ್ಣಗಾದ ಮಿಶ್ರಣಕ್ಕೆ ಅಷ್ಟು ನೀರನ್ನು ಹಿಡಿದಿಡುವ ಶಕ್ತಿ ಸಾಲದೆ, ನೀರೂ ಮದ್ಯಸಾರವೂ ಕೂಡಿಕೊಂಡೇ ತಳಕ್ಕಿಳಿಯುತ್ತವೆ. ಎಂಜಿನ್ನಿಗೆ ಹೋಗುವ ನಳಿಗೆ ಇರುವುದೂ ತಳದಲ್ಲಿಯೇ. ಎಂಜಿನ್ನು ನಿಂತೀತು, ನೆಲದ ಮೇಲೆ ನಿಲ್ಲುವಂತಲ್ಲ, ಆಕಾಶದಲ್ಲಿ. ತಳದ ಪದರವನ್ನು ಬಸಿದು ತೆಗೆದರೂ ಕೇಡು ತೀರದು: ಮದ್ಯಸಾರವನ್ನು ಕಳೆದುಕೊಂಡ ಪೆಟ್ರೋಲಿನ ಆಕ್ಟೇನ್ ಇಳಿದು ಎಂಜಿನ್ನು ಬಡಿದುಕೊಳ್ಳತೊಡಗುತ್ತದೆ.

ಇದನ್ನು ಮೊದಲೇ ಪತ್ತೆಹಚ್ಚುವ ಉಪಾಯ ಬಲು ಅಗ್ಗದ್ದು. ಗಾಜಿನ ಕೊಳವೆಯೊಂದರಲ್ಲಿ ಒಂದು ಪಾಲು ನೀರು ಹಾಕಿ, ಅದರ ಮಟ್ಟಕ್ಕೆ ಗುರುತು ಮಾಡಬೇಕು. ಅದರ ಮೇಲೆ ಒಂಬತ್ತು ಪಾಲು ಪೆಟ್ರೋಲು ಸುರಿದು, ಬಿರಡೆ ಹಾಕಿ ಚೆನ್ನಾಗಿ ಕುಲುಕಿ, ತಿಳಿಯಾಗಲು ಬಿಡಬೇಕು. ನೀರು ಹಳೆಯ ಗುರುತಿನಲ್ಲಿಯೇ ನಿಂತರೆ ಪೆಟ್ರೋಲು ಶುದ್ಧ. ಮಟ್ಟ ಗುರುತನ್ನು ಮೀರಿ ಏರಿದ್ದರೆ ಮದ್ಯಸಾರ ಅದರಲ್ಲಿ ಸೇರಿಕೊಂಡಿದೆ ಎಂದೇ ಅರ್ಥ. ಟಾಂಕಿ, ನಳಿಗೆ, ಅಂಟು ಎಲ್ಲವೂ ಮದ್ಯಸಾರವನ್ನು ತಾಳುವಂಥವೆಂದು ಕಟ್ಟಿದಾತನಿಗೆ ಖಚಿತವಿಲ್ಲದಿದ್ದರೆ, ಆ ಪೆಟ್ರೋಲು ವಿಮಾನಕ್ಕೆ ಬೇಡ. ಅದನ್ನು ಮನೆಯ ಕಾರಿಗೆ ಹಾಕಿಕೊಳ್ಳಬಹುದು.