ಗಣಿತದ ತಲೆ, ಪಾಠದ ಭಾಷೆ
ರೋಣ, ನರಗುಂದ, ಗಜೇಂದ್ರಗಡದಂಥ ಊರುಗಳಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿ ಪದವಿಗೆ ಬಂದ ವಿದ್ಯಾರ್ಥಿ ಇಂಗ್ಲಿಷಿನ ಕಲನಶಾಸ್ತ್ರದ ಮುಂದೆ ತಡವರಿಸಿದರೆ ‘ಗಣಿತದ ತಲೆಯಿಲ್ಲ’ ಎಂದು ತೀರ್ಪು ಕೊಡುವುದು ಅನ್ಯಾಯ. ಲೆಕ್ಕದ ನಡುವಿನ ಹಂತಗಳನ್ನು ಹಿಡಿದಿಡುವುದು ಕಾರ್ಯಸ್ಮೃತಿ. ಅದರ ಜಾಗ ಬಲು ಕಿರಿದು, ಒಮ್ಮೆಗೆ ನಾಲ್ಕೈದು ಸಂಗತಿ ನಿಂತರೆ ಹೆಚ್ಚು. ಪ್ರಶ್ನೆಯ ಭಾಷೆ ಬಿಡಿಸುವುದಕ್ಕೇ ಅದು ಖರ್ಚಾದರೆ ತರ್ಕಕ್ಕೆ ಉಳಿಯುವುದೇನು? ಮನೋವಿಜ್ಞಾನಿ ಎಲಿಜಬೆತ್ ಸ್ಪೆಲ್ಕಿ ಮತ್ತು ಸಹಸಂಶೋಧಕಿ 2001ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ರಷ್ಯನ್, ಇಂಗ್ಲಿಷ್ ಎರಡೂ ಬಲ್ಲ ಕಾಲೇಜು ವಿದ್ಯಾರ್ಥಿಗಳು ನಿಖರ ಲೆಕ್ಕವನ್ನು ಅದನ್ನು ಕಲಿತ ಭಾಷೆಯಲ್ಲೇ ಬೇಗ ಮಾಡಿದರು. ಅಂದಾಜಿನ ಲೆಕ್ಕಕ್ಕೆ ಭಾಷೆ ಬದಲಾದ ತೊಡಕು ಕಾಣಲಿಲ್ಲ. ಪಾಠ ಕನ್ನಡದಲ್ಲಿರಲಿ ಎಂದರೆ, ಮುಂದಿನ ಓದು, ನೌಕರಿ ಇಂಗ್ಲಿಷಿನಲ್ಲೇ ಅಲ್ಲವೇ ಎಂಬ ಆಕ್ಷೇಪದಲ್ಲಿ ಹುರುಳಿದೆ. ಆದರೆ 12ನೇ ಶತಮಾನದಲ್ಲೇ ಗಣಿತಜ್ಞ ರಾಜಾದಿತ್ಯ ‘ವ್ಯವಹಾರ ಗಣಿತ’ ಬರೆದ ಕನ್ನಡದಲ್ಲೇ ಮೊದಲ ಸೆಮಿಸ್ಟರಿನ ಪರಿಕಲ್ಪನೆಗಳನ್ನು ತಿಳಿಸಿಕೊಟ್ಟು, ಇಂಗ್ಲಿಷ್ ಪದಗಳನ್ನು ಜೊತೆಜೊತೆಗೇ ರೂಢಿಸಲು ಯಾವ ಅಡ್ಡಿಯೂ ಇಲ್ಲ.